ಕೇಟ್ಲಿನ್ ಕ್ಲಾರ್ಕ್‌ಳ ಮೊದಲ ಎರಡು ವರ್ಷ: ಚೆಂಡು ಕಳ್ಕೊಳ್ಳೋಕೆ ಬಿಟ್ಟಿದ್ದು ಸರೀನಾ?

ಬಾಸ್ಕೆಟ್_ಭಾವ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗಳು ಮೈಸೂರಲ್ಲಿ ಬಾಸ್ಕೆಟ್‌ಬಾಲ್ ಆಡ್ತಾಳೆ, ಗಾರ್ಡ್ (ಚೆಂಡು ನಡೆಸೋ ಆಟಗಾರ್ತಿ), ಇನ್ನೂ ಹೈಸ್ಕೂಲು. ಫೋನ್ ತುಂಬಾ ಅಮೆರಿಕದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್. ಆದ್ರೆ ಇರೋದೆಲ್ಲ 2023, 2024ರ ಕ್ಲಿಪ್ಪುಗಳೇ. ಕೋರ್ಟಿನ ಮಧ್ಯದ ಲೋಗೋ ಹತ್ರದಿಂದ ಎಸೆದ ತ್ರೀ (ದೂರದ ಗೆರೆಯಾಚೆಯಿಂದ ಹಾಕೋ ಮೂರಂಕದ ಬಾಸ್ಕೆಟ್), ತುಂಬಿ ತುಳುಕೋ ಸ್ಟೇಡಿಯಂ, ಕೆಲ್ಸಿ ಪ್ಲಮ್‌ಳ ಕಾಲೇಜು ಅಂಕಗಳ ದಾಖಲೆ ಮುರಿದ ರಾತ್ರಿ, ಕೊನೆಗೆ ಕಾಲೇಜು ಮುಗಿಸೋ ಹೊತ್ತಿಗೆ 3,951 ಅಂಕ. ಇದನ್ನೇ ನೋಡಿ ನೋಡಿ ಮಕ್ಕಳಿಗೆ ಅವಳು ಹುಟ್ಟಿದ್ದೇ ಹಾಗೆ ಅನ್ಸುತ್ತೆ.

ನನಗೆ ಕುತೂಹಲ ಇರೋದು ಅಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಅವಳ ಮೊದಲ ಎರಡು ಸೀಸನ್ ಬಗ್ಗೆ, 2020-21 ಮತ್ತು 2021-22. ಮೊದಲ ವರ್ಷ 30 ಪಂದ್ಯ, 799 ಅಂಕ, ಸರಾಸರಿ 26.6. ಇಡೀ ಡಿವಿಷನ್ ಒಂದರಲ್ಲೇ (ಅಮೆರಿಕದ ಕಾಲೇಜು ಆಟದ ಮೇಲ್ದರ್ಜೆ) ಅತಿ ಹೆಚ್ಚು, ಅದೂ ಆಗ ತಾನೇ ಶಾಲೆ ಮುಗಿಸಿ ಬಂದ ಹುಡುಗಿ. ಎರಡನೇ ವರ್ಷ 32 ಪಂದ್ಯ, 863 ಅಂಕ, 257 ಅಸಿಸ್ಟ್ (ಜೊತೆಗಾತಿ ಬಾಸ್ಕೆಟ್ ಹಾಕೋ ಹಾಗೆ ಕೊಟ್ಟ ಪಾಸ್). ಸರಾಸರಿ ಅಂಕದಲ್ಲೂ ಸರಾಸರಿ ಅಸಿಸ್ಟ್‌ನಲ್ಲೂ ಒಂದೇ ಸೀಸನ್‌ನಲ್ಲಿ ದೇಶಕ್ಕೆ ಮೊದಲು ಬಂದ ಡಿವಿಷನ್ ಒಂದರ ಮೊದಲ ಆಟಗಾರ್ತಿ. ಇದರ ಜೊತೆಗೇ ಪಂದ್ಯಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಚೆಂಡು ಎದುರಾಳಿ ಕೈಗೆ ಕೊಡ್ತಿದ್ಲು. ನಮ್ಮ ಕಡೆ ಕೋಚ್ ಆಗಿದ್ರೆ ಮೂರನೇ ಟರ್ನೋವರ್‌ಗೆ ಬೆಂಚು, ನಾಲ್ಕನೇದಕ್ಕೆ ಮನೆ.

ಅಯೋವಾದ ಆಗಿನ ಕೋಚ್ ಲೀಸಾ ಬ್ಲೂಡರ್ ಅವಳನ್ನ ಕಟ್ಟಿಹಾಕಲಿಲ್ಲ. ಮುಂದೆ ಆಗಿದ್ದಕ್ಕೆಲ್ಲ ಕಾರಣ ಅದೇ ಅನ್ನೋದು ನನ್ನ ವಾದ. ಒಪ್ಪದವರು ಬನ್ನಿ, ಜಗಳ ಆಡೋಣ.

ಅಯೋವಾ_ಗಾಳಿ

ಭಾವನವರೇ, ಸೀಡರ್ ರಾಪಿಡ್ಸ್‌ನಿಂದ ಬರೀತಿದೀನಿ. ಅಯೋವಾ ಸಿಟಿ ಇಲ್ಲಿಂದ ಕಾರಲ್ಲಿ ಅರ್ಧ ಗಂಟೆ. ಕೆಲಸದ ಮೇಲೆ ಬಂದಾಗ ಬಾಸ್ಕೆಟ್‌ಬಾಲ್ ಗಂಧಗಾಳಿ ಇರಲಿಲ್ಲ. ಇಲ್ಲಿ ಬಂದ ಮೇಲೆ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಜೋಳದ ಹೊಲ, ಹಿಮ, ಕಾಲೇಜು ಆಟ, ಇಷ್ಟೇ. ಇಡೀ ರಾಜ್ಯದಲ್ಲಿ ವೃತ್ತಿಪರ ಎನ್‌ಬಿಎ ತಂಡ ಇಲ್ಲ, ಹೆಂಗಸರ ಡಬ್ಲ್ಯುಎನ್‌ಬಿಎ ತಂಡವೂ ಇಲ್ಲ. ಕಾಲೇಜು ಹುಡುಗಿಯರೇ ಇಲ್ಲಿನ ಸ್ಟಾರ್‌ಗಳು.

ಬ್ಲೂಡರ್ ಬಗ್ಗೆ ಮಾತಾಡೋ ಮುಂಚೆ ಒಂದು ಹಿನ್ನೆಲೆ ಗೊತ್ತಿರಬೇಕು. ಅಯೋವಾದ ಶಾಲಾ ಹುಡುಗಿಯರು 1993ರವರೆಗೂ ಆರು-ಆರು ಜನರ ಆಟ ಆಡ್ತಿದ್ರು. ತಂಡದ ಮೂವರು ಫಾರ್ವರ್ಡ್ (ಎಸೆಯೋರು), ಮೂವರು ಗಾರ್ಡ್ (ತಡೆಯೋರು). ಯಾರೂ ಮಧ್ಯದ ಗೆರೆ ದಾಟೋ ಹಾಗಿಲ್ಲ. ಎರಡೇ ಡ್ರಿಬಲ್, ಆಮೇಲೆ ಪಾಸ್ ಮಾಡ್ಲೇಬೇಕು ಇಲ್ಲಾ ಎಸೀಬೇಕು. ಗಾರ್ಡ್ ಆದವಳು ಇಡೀ ಶಾಲಾ ಜೀವನದಲ್ಲಿ ಒಂದೇ ಒಂದು ಬಾಸ್ಕೆಟ್ ಹಾಕದೇ ಮುಗಿಸಬಹುದಿತ್ತು! ಆದ್ರೆ ಜನ ಮಾತ್ರ ಹುಚ್ಚೆದ್ದು ನೋಡೋರಂತೆ, ರಾಜ್ಯ ಟೂರ್ನಿ ಬಂತು ಅಂದ್ರೆ ಊರಿಗೆ ಊರೇ ಡೆಮೊಯಿನ್‌ಗೆ ಹೋಗೋದು. ಬ್ಲೂಡರ್ ಆ ಆಟ ಆಡಿ ಬೆಳೆದವರು. ಅವರ ಆಗಿನ ಸಹಾಯಕಿ ಜಾನ್ ಜೆನ್ಸೆನ್ ಅಂತೂ 1987ರಲ್ಲಿ, ಶಾಲೆಯ ಕೊನೇ ವರ್ಷ, ಪಂದ್ಯಕ್ಕೆ ಸರಾಸರಿ 66 ಅಂಕ ಹೊಡೆದವರು. ಅರವತ್ತಾರು! ಅವರಜ್ಜಿಯೂ ಆಡಿದವರು. ಹುಡುಗಿಯೊಬ್ಬಳು ಸಿಕ್ಕಾಪಟ್ಟೆ ಎಸೀತಾಳೆ ಅಂತ ಗಾಬರಿಯಾಗೋ ಮನೆತನ ಅಲ್ಲ ಇದು.

ಜೆನ್ಸೆನ್ ಕ್ಲಾರ್ಕ್ ಮೇಲೆ ಕಣ್ಣಿಟ್ಟಿದ್ದು ಅವಳಿನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ. ಕ್ಲಾರ್ಕ್ ಡೆಮೊಯಿನ್‌ನವಳು, 2002ರಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗ ಹುಡುಗರ ಲೀಗಲ್ಲಿ ಆಡಿದ್ಲು. ಡೌಲಿಂಗ್ ಕ್ಯಾಥೊಲಿಕ್ ಅನ್ನೋ ಶಾಲೆ. ಅದೇ ಶಾಲೇಲಿ ಅವಳ ತಾಯಿಯ ತಂದೆ ಫುಟ್‌ಬಾಲ್ ಕೋಚ್ ಆಗಿದ್ರು. 2019ರಲ್ಲಿ ಮೇಸನ್ ಸಿಟಿ ಶಾಲೆ ಮೇಲೆ 60 ಅಂಕ, ಅದರಲ್ಲಿ 13 ತ್ರೀ. ಆ ಸ್ಕೋರ್‌ಶೀಟ್ ಇಲ್ಲಿನವರು ಇವತ್ತಿಗೂ ವಾಟ್ಸಾಪಲ್ಲಿ ಹಂಚ್ತಾರೆ.

ಇಷ್ಟಿದ್ರೂ ಅಯೋವಾಕ್ಕೆ ಬರ್ತಾಳೆ ಅನ್ನೋದು ಗ್ಯಾರಂಟಿ ಇರಲಿಲ್ಲ. ನೋಟ್ರ್ ಡೇಮ್ ಅನ್ನೋ ಇನ್ನೊಂದು ಕಾಲೇಜಿಗೆ ಬಾಯಿಮಾತಲ್ಲಿ ಹೂಂ ಅಂದಾಗಿತ್ತು. ಆಮೇಲೆ ಮನಸ್ಸು ಬದಲಾಯಿಸಿದ್ಲು. ಮನೆಯಿಂದ ಎರಡು ಗಂಟೆ ದಾರಿಯ ಕಾಲೇಜು ಸಾಕು ಅಂತ ನವೆಂಬರ್ 2019ರಲ್ಲಿ ಅಯೋವಾ. ದೊಡ್ಡ ಹೆಸರಿನ ತಂಡದಲ್ಲಿ ಐದನೆಯವಳಾಗಿ ಸೇರೋದಕ್ಕಿಂತ ಇಲ್ಲಿ ಮೊದಲ ದಿನದಿಂದ ಚೆಂಡು ಕೈಗೆ ಸಿಗುತ್ತೆ ಅನ್ನೋದೂ ಲೆಕ್ಕದಲ್ಲಿತ್ತು. ಯಾಕಂದ್ರೆ ಹಿಂದಿನ ಪಾಯಿಂಟ್ ಗಾರ್ಡ್ ಕ್ಯಾಥ್ಲೀನ್ ಡಾಯ್ಲ್, 2020ರ ಬಿಗ್ ಟೆನ್ (ಅಯೋವಾ ಆಡೋ ಲೀಗ್) ಶ್ರೇಷ್ಠ ಆಟಗಾರ್ತಿ, ಅದೇ ವರ್ಷ ಮುಗಿಸಿ ಹೊರಟಿದ್ರು. ಜಾಗ ಖಾಲಿ.

ದಶಮಾಂಶ

ಒಳ್ಳೇ ಮಾಹಿತಿ ಸರ್. ಅಯೋವಾ ತಂಡದ ಸ್ಟೇಡಿಯಂ ಕಾರ್ವರ್-ಹಾಕ್ಐ ಒಳಗೆ ಹೋಗಿದೀರಾ?

ಅಯೋವಾ_ಗಾಳಿ

ಹೋಗಿದೀನಿ. ವಿಚಿತ್ರ ಕಟ್ಟಡ. ಗುಡ್ಡದ ಇಳಿಜಾರಲ್ಲಿ ಅಗೆದು ಕಟ್ಟಿದಾರೆ. ಬಾಗಿಲು ಮೇಲೆ, ಆಟ ಕೆಳಗೆ. ಒಳಗೆ ಕಾಲಿಟ್ಟ ಕೂಡಲೇ ಇಡೀ ಕೋರ್ಟು ಪಾತಾಳದಲ್ಲಿ ಕಾಣುತ್ತೆ. ಸುಮಾರು ಹದಿನೈದು ಸಾವಿರ ಜನ ಹಿಡಿಸುತ್ತೆ.

ಅವಳ ಮೊದಲ ವರ್ಷ ಅಷ್ಟೂ ಸೀಟು ಖಾಲಿ. ಕೊರೊನಾ ಕಾಲ, ಆಟಗಾರರ ಮನೆಯವರನ್ನ ಬಿಟ್ರೆ ಒಳಗೆ ಯಾರೂ ಇಲ್ಲ. 25 ನವೆಂಬರ್ 2020, ನಾರ್ದರ್ನ್ ಅಯೋವಾ ವಿರುದ್ಧ ಮೊದಲ ಪಂದ್ಯ, 27 ಅಂಕ. ಟೀವೀಲಿ ಶೂ ಕಿರುಗುಟ್ಟೋದು, ಬೆಂಚಿನವರು ಕೂಗೋದು, ಕೋಚ್ ಬೈಯ್ಯೋದು ಎಲ್ಲ ಸ್ಪಷ್ಟವಾಗಿ ಕೇಳಿಸ್ತಿತ್ತು. ಆಮೇಲೆ ಟಿಕೆಟ್ಟಿಗೆ ಜನ ಕಿತ್ತಾಡಿದ ಹುಡುಗಿ ಮೊದಲ ವರ್ಷ ಪೂರ್ತಿ ಖಾಲಿ ಕುರ್ಚಿಗಳ ಮುಂದೆ ಆಡಿದ್ಲು ಅಂದ್ರೆ ಈಗಿನ ಮಕ್ಕಳು ನಂಬಲ್ಲ.

ಧಾರವಾಡದಾಂವ

ಕತಿ ಭಾರಿ ಛಂದ ಅದ್ರಿ. ಆದ್ರ ನಾ ಒಂದ ಮಾತ ಕೇಳತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಆ ಮೊದಲನೇ ವರ್ಷ ಅಯೋವಾ 20 ಗೆದ್ದು 10 ಸೋತಿತ್ತು. ಎದುರಾಳಿಗೆ ಪಂದ್ಯಕ್ಕ ಸುಮಾರು 80 ಅಂಕ ಬಿಟ್ಟುಕೊಡ್ತಿತ್ತು. ಡಿವಿಷನ್ ಒಂದರಾಗ ಡಿಫೆನ್ಸ್ ಲೆಕ್ಕದಾಗ ತೀರ ತಳಕ್ಕ ಇದ್ದ ತಂಡಗೋಳಾಗ ಅದೂ ಒಂದು. ಅಂಥಾ ಆಟದಾಗ ಚೆಂಡ ಹಿಡದಾಕಿ 26 ಹೊಡದ್ರ ಅದ್ರಾಗ ಏನ ದೊಡ್ಡಸ್ತನ? ಅಕೀ ಹೊಡೀತಿದ್ಲು, ಅವರೂ ಹೊಡೀತಿದ್ರು. ಓಡಾಟ ಜಾಸ್ತಿ ಇದ್ದಲ್ಲೆ ಎಲ್ಲಾರ ನಂಬರೂ ಉಬ್ಬತಾವ.

ಅದೇ ವರ್ಷ ಕನೆಕ್ಟಿಕಟ್ ಕಾಲೇಜ ತಂಡದಾಗ ಪೇಜ್ ಬೆಕರ್ಸ್ ಇದ್ಲಲ್ರೀ. ಅಕೀನೂ ಮೊದಲನೇ ವರ್ಷದಾಕಿನ. ಸರಾಸರಿ 20 ಅಷ್ಟ, ಆದ್ರ ಎಪಿ ಸುದ್ದಿಸಂಸ್ಥೆಯವರ ವರ್ಷದ ಆಟಗಾರ್ತಿ ಪ್ರಶಸ್ತಿ ಅಕೀಗೆ ಬಂತು. ಮೊದಲ ವರ್ಷದಾಕಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮಂದಿ ಕುರುಡರೇನಲ್ಲ.

ಬಾಸ್ಕೆಟ್_ಭಾವ

ಬಂದ್ರಪ್ಪ ಧಾರವಾಡದವರು! ಬೆಕರ್ಸ್ ಮಾತು ಒಪ್ತೀನಿ. ಇಎಸ್‌ಪಿಎನ್ ಟೀವಿಯವರ 2020ರ ಶಾಲಾ ಆಟಗಾರ್ತಿಯರ ಪಟ್ಟೀಲಿ ಬೆಕರ್ಸ್ ಒಂದನೇ ಸ್ಥಾನ, ಏಂಜೆಲ್ ರೀಸ್ ಎರಡು, ಕ್ಯಾಮರನ್ ಬ್ರಿಂಕ್ ಮೂರು, ನಮ್ಮವಳು ನಾಲ್ಕು. 2019ರಲ್ಲಿ ಬ್ಯಾಂಕಾಕ್‌ನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗಲೂ ಬೆಕರ್ಸ್ ಟೂರ್ನಿ ಶ್ರೇಷ್ಠೆ, ಕ್ಲಾರ್ಕ್ ಅದೇ ತಂಡದಲ್ಲಿ ಸಣ್ಣ ಪಾತ್ರ. ಎರಡು ವರ್ಷ ಬಿಟ್ಟು 2021ರಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಅದೇ ಕಪ್, ಆಗ ಶ್ರೇಷ್ಠೆ ಕ್ಲಾರ್ಕ್. ಆ ಎರಡು ಬೇಸಿಗೆ ನಡುವೆ ಆಗಿದ್ದೇ ಈ ಮೊದಲ ವರ್ಷ.

ಹಳೇ_ವಿಷಲ್

ಮಕ್ಕಳಾ, ನಾನು ಮೂವತ್ತು ವರ್ಷ ಪಿ.ಟಿ. ಮೇಷ್ಟ್ರು, ಜೊತೆಗೆ ರೆಫ್ರಿ ಕೆಲಸವನ್ನೂ ಮಾಡಿದವನು. ಅಂಕದ ಮಾತು ನೀವಾಡಿಕೊಳ್ಳಿ, ನಾನು ಪಾಸಿನ ಮಾತಾಡ್ತೀನಿ.

ಟರ್ನೋವರ್ ಅಂತ ಶೀಟಲ್ಲಿ ಒಂದೇ ಕಾಲಂ ಇರುತ್ತೆ. ಅದೇ ತಪ್ಪು. ಡ್ರಿಬಲ್ ಮಾಡ್ತಾ ಕಾಲಿಗೆ ತಗುಲಿಸಿಕೊಂಡು ಕಳ್ಕೊಂಡಿದ್ದೂ ಒಂದು, ಯಾರೂ ನೋಡದ ಸಂದಿಯಲ್ಲಿ ಪಾಸ್ ಹಾಕಿ ತನ್ನವಳೇ ತಯಾರಿಲ್ಲದೇ ಕೈಜಾರಿದ್ದೂ ಒಂದು. ಮೊದಲನೇದಕ್ಕೆ ನಾನೂ ಬೈತೀನಿ. ಎರಡನೇದಕ್ಕೆ ಬೈದ್ರೆ ಆ ಮಗು ಇನ್ನೊಂದು ಸಲ ಆ ಸಂದಿ ನೋಡೋದೇ ಬಿಡುತ್ತೆ. ಎಷ್ಟು ಜನ ಗಾರ್ಡ್‌ಗಳನ್ನ ನಮ್ಮ ಕೋಚ್‌ಗಳು ಹೀಗೆ ಮುಗಿಸಿದಾರೋ ಲೆಕ್ಕ ಇಲ್ಲ. ಪಕ್ಕದವಳಿಗೆ ಕೊಡು, ಸುಮ್ನೆ ನಿಲ್ಲು, ಇಷ್ಟೇ ಪಾಠ.

ಕ್ಲಾರ್ಕ್ ಮೊದಲ ವರ್ಷದ ಪಂದ್ಯಗಳಲ್ಲಿ ಮೋನಿಕಾ ಚಿನಾನೊ ಅನ್ನೋ ಸೆಂಟರ್ (ಬಾಸ್ಕೆಟ್ ಹತ್ರ ಆಡೋ ಎತ್ತರದವಳು) ಮೇಲೆ ಕಣ್ಣಿಡಿ. ಆರಡಿ ಮೂರಿಂಚು, ಎಸೆದ ಮೂರು ಚೆಂಡಲ್ಲಿ ಎರಡು ಒಳಗೆ. ಅವಳು ಮೇಲೆ ಬಂದು ಸ್ಕ್ರೀನ್ ಹಾಕ್ತಾಳೆ (ಡಿಫೆಂಡರ್‌ಗೆ ಅಡ್ಡ ನಿಲ್ತಾಳೆ), ಕ್ಲಾರ್ಕ್ ಬಲಕ್ಕೆ ಎರಡು ಡ್ರಿಬಲ್ ತಗೊಳ್ತಾಳೆ, ಇಬ್ಬರು ಡಿಫೆಂಡರ್‌ಗಳೂ ತ್ರೀ ಎಸೀತಾಳೆ ಅಂತ ಹೆದರಿ ಅವಳ ಮೇಲೆ ನುಗ್ತಾರೆ. ಆ ಹೊತ್ತಿಗೆ ಚಿನಾನೊ ಇನ್ನೂ ಬೆನ್ನು ತಿರುಗಿಸಿಕೊಂಡೇ ಇರ್ತಾಳೆ. ಕ್ಲಾರ್ಕ್ ಕೈಯಿಂದ ಚೆಂಡು ಹೊರಟಾಗಿರುತ್ತೆ. ಒಂದೇ ಕೈಯಲ್ಲಿ, ನೆಲಕ್ಕೆ ಬಡಿದು, ಇಬ್ಬರ ಸೊಂಟದ ನಡುವೆ. ಸೆಂಟರ್ ತಿರುಗಿದಾಗ ಎದೆ ಮುಂದೆ ಚೆಂಡು. ಕೆಎಸ್‌ಆರ್‌ಟಿಸಿ ಬಸ್ಸು ನಿಲ್ಲೋ ಮುಂಚೆನೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋರ ಹಾಗೆ, ಮನುಷ್ಯ ಬರೋ ಮುಂಚೆ ಜಾಗ ಹಿಡಿದಾಗಿರುತ್ತೆ.

ಇದು ಕೂಡಿಬರೋಕೆ ಸಮಯ ಬೇಕು. ಮೊದಮೊದಲು ಚಿನಾನೊಗೂ ಚೆಂಡು ಬರ್ತಿದೆ ಅಂತ ಗೊತ್ತಾಗ್ತಿರಲಿಲ್ಲ, ಕೈಗೆ ಬಡಿದು ಹೊರಗೆ. ಶೀಟಲ್ಲಿ ಕ್ಲಾರ್ಕ್ ಹೆಸರಿಗೆ ಟರ್ನೋವರ್. ಬ್ಲೂಡರ್ ಕೂತು ನೋಡಿದ್ರು. ಅದೇ ಕೋಚಿಂಗು.

2017ರಲ್ಲಿ ಮಹಿಳಾ ಏಷ್ಯಾ ಕಪ್ ನಮ್ಮ ಕಂಠೀರವದಲ್ಲೇ ನಡೀತಲ್ಲ, ಜಪಾನಿನವರು ಫೈನಲ್‌ನಲ್ಲಿ ಆಸ್ಟ್ರೇಲಿಯಾನ 74-73ರಲ್ಲಿ ಹೊಡೆದ್ರು. ಆ ಪುಟ್ಟ ಜಪಾನಿ ಗಾರ್ಡ್‌ಗಳ ಪಾಸು ನೋಡಿದವರಿಗೆ ನಾನು ಹೇಳ್ತಿರೋದು ಅರ್ಥ ಆಗುತ್ತೆ.

ಗೋಲ್ಗುಂಬಜ್_ಎಕೋ

ಟವೆಲ್ ಪಾಸ್. ಇವತ್ತಿಂದ ನಮ್ಮ ಗ್ರೌಂಡಲ್ಲಿ ಅದೇ ಹೆಸರು ಸರ್ 😂

ಕುಡ್ಲದ_ಹುಡುಗಿ

ನಾನು ವಾಲಿಬಾಲ್‌ನವಳು ಮಾರಾಯ್ರೆ, ಆದ್ರೂ ಒಂದು ಹೇಳ್ತೇನೆ. ಆ 2021ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಕತೆ ಬಿಟ್ಟೇಬಿಟ್ರಲ್ಲ ಎಲ್ಲರೂ? ಕೊರೊನಾ ಅಂತ ಹೆಂಗಸರ 64 ತಂಡವನ್ನೂ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಸುತ್ತಮುತ್ತವೇ ಕೂರಿಸಿದ್ದು. ಅಲ್ಲಿ ವ್ಯಾಯಾಮಕ್ಕೆ ಅಂತ ಇಟ್ಟದ್ದು ಎಂತ ಗೊತ್ತುಂಟಾ? ಒಂದು ಸಣ್ಣ ಸ್ಟ್ಯಾಂಡ್, ಅದರಲ್ಲಿ ನಾಕು ಡಂಬೆಲ್. ಗಂಡಸರಿಗೆ ಇಂಡಿಯಾನಾಪೊಲಿಸಲ್ಲಿ ಇಡೀ ಹಾಲ್ ತುಂಬ ಸಾಮಾನು. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ವಿಡಿಯೋ ಹಾಕಿದ್ಲು, ಲೋಕಕ್ಕೆಲ್ಲ ಗೊತ್ತಾಯ್ತು. ಮತ್ತೆ ಓಡಿಓಡಿ ತಂದಿಟ್ರು. ಆ 'ಮಾರ್ಚ್ ಮ್ಯಾಡ್ನೆಸ್' ಅನ್ನೋ ಹೆಸರು ಉಂಟಲ್ಲ, ಅದನ್ನು ಹೆಂಗಸರ ಟೂರ್ನಿಗೆ ಬಳಸ್ಲಿಕ್ಕೆ ಬಿಟ್ಟದ್ದೇ 2022ರಿಂದ.

ಹಾಗಾಗಿ ಕ್ಲಾರ್ಕ್ ಮೊದಲ ವರ್ಷ ಅಂದ್ರೆ ಖಾಲಿ ಸ್ಟೇಡಿಯಂ ಮಾತ್ರ ಅಲ್ಲ, ಈ ಅವಮಾನವೂ ಉಂಟು ಅದರಲ್ಲಿ. ಎರಡನೇ ವರ್ಷಕ್ಕೆ ಬರುವಾಗ ಜುಲೈ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಲ್ಲಿ ಜಾಹೀರಾತು ಮಾಡಿ ದುಡ್ಡು ಮಾಡ್ಬಹುದು ಅಂತ ಆಯ್ತು. ಒಂದು ವರ್ಷ ಮೊದಲು ಹುಟ್ಟಿದ್ರೂ ಕತೆ ಬೇರೆ ಇತ್ತು.

ಅಯೋವಾ_ಗಾಳಿ

ಸರಿಯಾಗಿ ಹೇಳಿದ್ರಿ ಅಕ್ಕಾ. ಆ ಟೂರ್ನಿಯಲ್ಲಿ ಅಯೋವಾಕ್ಕೆ ಐದನೇ ಸೀಡ್ (ಬಲ ನೋಡಿ ಕೊಡೋ ಸ್ಥಾನ). ಎರಡನೇ ಸುತ್ತಲ್ಲಿ ಕೆಂಟಕಿ, ರೈನ್ ಹೋವರ್ಡ್ ಇದ್ದ ತಂಡ. ಅವಳೇ ಮುಂದಿನ ವರ್ಷ ಡಬ್ಲ್ಯುಎನ್‌ಬಿಎ ಡ್ರಾಫ್ಟಲ್ಲಿ (ತಂಡಗಳು ಹೊಸಬರನ್ನ ಆರಿಸೋದು) ಮೊದಲನೆಯವಳಾಗಿ ಆಯ್ಕೆ ಆಗಿದ್ದು. ಕ್ಲಾರ್ಕ್ 35 ಹೊಡೆದ್ಲು, ಅಯೋವಾ 86-72. ಅಲ್ಲಿಂದ ಹದಿನಾರರ ಸುತ್ತು, ಎದುರಿಗೆ ಬೆಕರ್ಸ್‌ಳ ಕನೆಕ್ಟಿಕಟ್. 92-72, ನಮ್ಮದು ಚಿಂದಿ. ಕ್ಲಾರ್ಕ್ 21, ಬೆಕರ್ಸ್ 18 ಅಂಕ. ಅಂಕದಲ್ಲಿ ನಮ್ಮವಳು ಮೇಲೆ, ಆಟದಲ್ಲಿ ಅಲ್ಲ.

ಧಾರವಾಡದಾಂವ

ಇದನ್ನ ಹೇಳಾಕತ್ತಿದ್ನಲ್ರೀ ಇಷ್ಟೊತ್ತನಕಾ!

ದಶಮಾಂಶ

ಧಾರವಾಡದವರೇ, ನಿಮ್ಮ "ಓಡಾಟ ಜಾಸ್ತಿ, ನಂಬರ್ ಉಬ್ಬುತ್ತೆ" ಅನ್ನೋ ಮಾತಿನಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧಕ್ಕೆ ಎರಡನೇ ವರ್ಷ ನೋಡಬೇಕು. ನನಗೆ ಆ ವರ್ಷವೇ ಹೆಚ್ಚು ಇಷ್ಟ, ಯಾಕಂದ್ರೆ ಅವಳ ಮುಖ್ಯ ಆಯುಧವೇ ಮೊಂಡಾಗಿತ್ತು.

ಮೊದಲ ವರ್ಷ 286 ತ್ರೀ ಎಸೆದು 116 ಹಾಕಿದ್ಲು, ಶೇ. 40.6. ಎರಡನೇ ವರ್ಷ 274ಕ್ಕೆ 91, ಶೇ. 33.2. ಧಡ್ ಅಂತ ಬಿದ್ದಿದೆ. ಇಲ್ಲಿ ಬಹಳ ಜನ ಮರೆಯೋ ವಿಷಯ ಏನಂದ್ರೆ, 2021-22ರಲ್ಲಿ ಮಹಿಳಾ ಕಾಲೇಜು ಆಟದ ತ್ರೀ ಗೆರೆಯನ್ನೇ ಹಿಂದಕ್ಕೆ ಸರಿಸಿದ್ರು. 20 ಅಡಿ 9 ಇಂಚು ಇದ್ದದ್ದು 22 ಅಡಿ ಒಂದೂಮುಕ್ಕಾಲು ಇಂಚು ಆಯ್ತು, ಅಂತರರಾಷ್ಟ್ರೀಯ ಅಳತೆ.

ಈಗ ನನ್ನ ಲೆಕ್ಕ. 25 ತ್ರೀ ಕಮ್ಮಿ ಅಂದ್ರೆ 75 ಅಂಕ ಖೋತಾ. ಆದ್ರೂ ಒಟ್ಟು ಅಂಕ 799ರಿಂದ 863ಕ್ಕೆ ಏರಿದೆ. ಎರಡು ಪಂದ್ಯ ಜಾಸ್ತಿ ಆಡಿದ್ಲು ಅನ್ನಿ, ಸರಾಸರಿನೂ 26.6ರಿಂದ 27ಕ್ಕೆ ಹೋಗಿದೆ. ಎಲ್ಲಿಂದ ಬಂತು? ಒಳಗೆ ನುಗ್ಗಿ ಹಾಕಿದ್ದು, ಫ್ರೀ ಥ್ರೋ (ಫೌಲ್ ಆದಾಗ ಸಿಗೋ ತಡೆಯಿಲ್ಲದ ಎಸೆತ). ಫ್ರೀ ಥ್ರೋದಲ್ಲಿ ಶೇ. 88. ಮತ್ತೆ ಅಸಿಸ್ಟ್ 214ರಿಂದ 257. ಕೈ ಕೈಕೊಟ್ಟಾಗ ಬೇರೆ ದಾರಿ ಹುಡುಕಿದ ವರ್ಷ ಅದು. ಸುಮ್ನೆ ನಂಬರ್ ಉಬ್ಬಿಸೋಳು ಹೀಗೆ ಮಾಡಲ್ಲ, ಎಸೀತಾನೇ ಇರ್ತಾಳೆ.

ಹಳೇ_ವಿಷಲ್

ಲೆಕ್ಕ ಚೆನ್ನಾಗಿದೆ, ಗೆರೆಯ ಮಾತು ಪೂರ್ತಿ ಒಪ್ಪಲ್ಲ. ಅವಳು ಮೊದಲ ವರ್ಷವೇ ಗೆರೆಯಿಂದ ನಾಕೈದು ಅಡಿ ಹಿಂದೆ ನಿಂತು ಎಸೀತಿದ್ದವಳು. ಗೆರೆ ಎಲ್ಲಿದ್ರೆ ಅವಳಿಗೇನು? ಎದುರಾಳಿಗಳು ಅರ್ಧ ಕೋರ್ಟಿಂದಲೇ ಹಿಡಿಯೋಕೆ ಶುರುಮಾಡಿದ್ರು, ಕಾಲು ಸೋತು ಎಸೆತ ಚಿಕ್ಕದಾಯ್ತು. ಮೂರನೇ ವರ್ಷ ಅದೇ ದೂರದ ಗೆರೆ ಇಟ್ಕೊಂಡು ಶೇ. 38.9 ಹೊಡೆದಳಲ್ಲ.

ದಶಮಾಂಶ

ಕಾಲಿನ ಮಾತು ಹೌದು ಸರ್. ಆದ್ರೆ ಗೆರೆ ಸರಿದಾಗ ಉಳಿದ ನಾಲ್ಕು ಜನರ ಜಾಗನೂ ಬದಲಾಗುತ್ತಲ್ಲ. ಅವರು ಹೊಸ ದೂರಕ್ಕೆ ಹೊಂದಿಕೊಳ್ಳೋವರೆಗೆ ಡಿಫೆಂಡರ್‌ಗಳು ಅವರನ್ನ ಬಿಟ್ಟು ಇವಳ ಮೇಲೆ ಬೀಳಬಹುದು.

ಹಳೇ_ವಿಷಲ್

ಹ್ಞಾಂ, ಅದಿರಬಹುದು. ಆ ದೃಷ್ಟಿಯಿಂದ ನಾನು ನೋಡಿರಲಿಲ್ಲ.

ಬಾಸ್ಕೆಟ್_ಭಾವ

ಎರಡನೇ ವರ್ಷ ಅಂದ ಮೇಲೆ ಮಿಷಿಗನ್ ಪಂದ್ಯ ಬಿಡೋ ಹಾಗಿಲ್ಲ. 6 ಫೆಬ್ರವರಿ 2022, ಆನ್ ಆರ್ಬರ್. ಅಯೋವಾ ಒಂದು ಹಂತದಲ್ಲಿ 20ಕ್ಕಿಂತ ಹೆಚ್ಚು ಅಂಕ ಹಿಂದೆ. ನಾಲ್ಕನೇ ಕ್ವಾರ್ಟರಲ್ಲಿ ಅವಳೊಬ್ಬಳೇ 25. ಲೋಗೋ ಹತ್ರದಿಂದ ಒಂದು, ಅದು ಬಿದ್ದ ಮೇಲೆ ಇನ್ನೂ ಎರಡು ಹೆಜ್ಜೆ ಹಿಂದಿಂದ ಇನ್ನೊಂದು. ಡಿಫೆಂಡರ್ ಕೈ ಮುಖದ ಮೇಲಿದೆ, ಇವಳಿಗೆ ಪರಿವೆಯೇ ಇಲ್ಲ. ಮಿಷಿಗನ್ ಜನ ಮೊದಲು ಹೂ ಅಂತ ಕೂಗ್ತಿದ್ದವರು ಆಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗೋಕೆ ಶುರುಮಾಡಿದ್ರು. ಒಟ್ಟು 46 ಅಂಕ.

ಮತ್ತೆ ಸೋತ್ರು. 98-90. ದೇಶ ಪೂರ್ತಿ ಅವಳ ಹೆಸರು ಹರಡಿದ ಪಂದ್ಯ ಸೋತ ಪಂದ್ಯ.

ಮೂರು ವಾರ ಬಿಟ್ಟು ಲೀಗ್‌ನ ಕೊನೇ ದಿನ, ಅದೇ ಮಿಷಿಗನ್ ಅಯೋವಾ ಸಿಟಿಗೆ ಬಂತು. ಕ್ಲಾರ್ಕ್ 38, ಅಯೋವಾ 104-80, ಒಹಾಯೊ ಸ್ಟೇಟ್ ಜೊತೆ ಬಿಗ್ ಟೆನ್ ಪ್ರಶಸ್ತಿ ಹಂಚಿಕೊಂಡ್ರು. ಅದಾದ ಮೇಲೆ ಬಿಗ್ ಟೆನ್ ಟೂರ್ನಿ ಫೈನಲ್‌ನಲ್ಲಿ ಇಂಡಿಯಾನಾನ 74-67ಕ್ಕೆ ಮಣಿಸಿ ಅದನ್ನೂ ಎತ್ತಿದ್ರು. 

ಧಾರವಾಡದಾಂವ

ಹೇಳ್ರಿ ಹೇಳ್ರಿ, ಮುಂದಿಂದೂ ಹೇಳ್ರಿ. ಕ್ರೈಟನ್ ಅನ್ನೋ ಹೆಸರು ಬಾಯಾಗ ಬರವಲ್ದು ನಿಮಗ?

ಅಯೋವಾ_ಗಾಳಿ

ಅದನ್ನ ನಾನು ಹೇಳ್ತೀನಿ. ಇಲ್ಲಿನವರು ಆ ದಿನದ ಮಾತು ಎತ್ತೋದೇ ಇಲ್ಲ.

20 ಮಾರ್ಚ್ 2022. ಅಯೋವಾ ಎರಡನೇ ಸೀಡ್, ಆದ್ದರಿಂದ ಮೊದಲೆರಡು ಸುತ್ತು ಸ್ವಂತ ಅಂಗಳದಲ್ಲಿ. ಮೊದಲ ಸುತ್ತಲ್ಲಿ ಇಲಿನಾಯ್ ಸ್ಟೇಟನ್ನ 98-58ಕ್ಕೆ ಬಡಿದಿದ್ರು. ಎರಡನೇ ಸುತ್ತಲ್ಲಿ ಕ್ರೈಟನ್, ಪಕ್ಕದ ರಾಜ್ಯ ನೆಬ್ರಾಸ್ಕಾದ ಒಮಾಹಾ ತಂಡ, ಹತ್ತನೇ ಸೀಡ್. ಒಂದು ಸೀಟು ಖಾಲಿ ಇಲ್ಲ. ಕ್ರೈಟನ್‌ನಲ್ಲಿ ಲಾರೆನ್ ಜೆನ್ಸೆನ್ ಅನ್ನೋ ಹುಡುಗಿ ಇದ್ಲು. (ಕೋಚ್ ಜೆನ್ಸೆನ್ ಬೇರೆ, ಸಂಬಂಧ ಇಲ್ಲ.) ಹಿಂದಿನ ವರ್ಷ ಅವಳು ಅಯೋವಾದಲ್ಲೇ ಇದ್ದವಳು, ಕ್ಲಾರ್ಕ್ ಜೊತೆಗೇ ಸೇರಿದವಳು. ಆಡೋಕೆ ಅವಕಾಶ ಸಿಗದೇ ಕಾಲೇಜು ಬದಲಾಯಿಸಿದ್ಲು.

ಕೊನೆಯ ಹದಿನೈದು ಸೆಕೆಂಡಿನೊಳಗೆ ಜೆನ್ಸೆನ್ ಕೈಗೆ ಚೆಂಡು ಬಂತು. ತ್ರೀ. ಬಿತ್ತು. ಅಯೋವಾಕ್ಕೆ ಕೊನೇ ಅವಕಾಶ ಇತ್ತು, ಕ್ಲಾರ್ಕ್ ಒಳಗೆ ನುಗ್ಗಿ ಎಸೆದದ್ದು ಬೀಳಲಿಲ್ಲ. 64-62. ಅವತ್ತು ಕ್ಲಾರ್ಕ್ 19 ಎಸೆದು 4 ಹಾಕಿದ್ಲು, 15 ಅಂಕ. ದೇಶದಲ್ಲೇ ಅತಿ ಹೆಚ್ಚು ಅಂಕ ಹೊಡೆಯೋಳ ಸೀಸನ್ ಮಾರ್ಚ್ ಮೂರನೇ ವಾರಕ್ಕೇ ಮುಗೀತು, ಅದೂ ಹಳೇ ಜೊತೆಗಾತಿ ಕೈಲಿ. ಕ್ರೈಟನ್ ಅಲ್ಲಿಗೇ ನಿಲ್ಲದೇ ಎಂಟರ ಸುತ್ತಿನವರೆಗೂ ಹೋಯ್ತು ಅನ್ನೋದು ಸ್ವಲ್ಪ ಸಮಾಧಾನ.

ಕುಡ್ಲದ_ಹುಡುಗಿ

ಆ ಜೆನ್ಸೆನ್ ಕತೆ ಎಷ್ಟು ಚಂದ ಉಂಟು. ಒಬ್ಬಳಿಗೆ ಚೆಂಡು ಕೊಟ್ಟು ಬಿಟ್ರೆ ಇನ್ನೊಬ್ಬಳಿಗೆ ಸಿಗುದಿಲ್ಲ ಅಲ್ವಾ? ಕ್ಲಾರ್ಕ್‌ಗೆ ಸ್ವಾತಂತ್ರ್ಯ ಕೊಟ್ಟದ್ದನ್ನು ನೀವೆಲ್ಲ ಹೊಗಳ್ತಿದ್ದೀರಿ, ಅದರ ಬೆಲೆ ಕೊಟ್ಟದ್ದು ಬೆಂಚಲ್ಲಿ ಕೂತವಳು. ಅವಳೇ ಬಂದು ಹೊಡೆದು ಹೋದ್ಲು.

ಬಾಸ್ಕೆಟ್_ಭಾವ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ತಂಗೀ. ನ್ಯಾಯವಾದ ಮಾತು. ನಮ್ಮಕ್ಕನ ಮಗಳಿಗೆ ಕ್ಲಾರ್ಕ್ ಪೋಸ್ಟರ್ ಪಕ್ಕ ಜೆನ್ಸೆನ್ ಫೋಟೋನೂ ಅಂಟಿಸು ಅಂತ ಹೇಳಬೇಕು.

ಹಳೇ_ವಿಷಲ್

ಆದ್ರೆ ಒಂದು ವಿಷಯ. ಸ್ವಾತಂತ್ರ್ಯ ಕೊಟ್ರು ಅಂದ್ರೆ ಬುದ್ಧಿ ಹೇಳಲಿಲ್ಲ ಅಂತಲ್ಲ. ಆ ಎರಡು ವರ್ಷದ ಪಂದ್ಯಗಳಲ್ಲಿ ಅವಳ ಮುಖ ನೋಡಿ. ಪಾಸ್ ಕೈಜಾರಿದ್ರೆ ಕೈ ಮೇಲೆತ್ತೋದು, ರೆಫ್ರಿ ಕಡೆ ತಿರುಗಿ ವಾದ, ಜೊತೆಗಾತಿ ತಪ್ಪಿದ್ರೆ ತಲೆ ಹಿಂದಕ್ಕೆ ಎಸೆದು ಸೀಲಿಂಗ್ ನೋಡೋದು. ಕೋಚ್‌ಗಳು ಆ ದೇಹಭಾಷೆ ಬಗ್ಗೆ ಕೂರಿಸಿ ವಿಡಿಯೋ ತೋರಿಸಿದ್ರು ಅನ್ನೋದು ಗುಟ್ಟೇನಲ್ಲ. ಎಸೆಯೋದನ್ನ ಕಮ್ಮಿ ಮಾಡು ಅನ್ನಲಿಲ್ಲ, ಮುಖ ಸರಿಮಾಡ್ಕೋ ಅಂದ್ರು. ನಾವು ಉಲ್ಟಾ ಮಾಡ್ತೀವಿ.

ಇನ್ನೊಂದು, ಕೇಟ್ ಮಾರ್ಟಿನ್. ಅಂಕದ ಪಟ್ಟಿಯಲ್ಲಿ ಕಾಣದ ಹುಡುಗಿ. ಕ್ಲಾರ್ಕ್ ಕೂಗಾಡಿದಾಗ ಪಕ್ಕಕ್ಕೆ ಕರೆದು ಎರಡು ಮಾತು ಹೇಳ್ತಿದ್ದವಳು ಅವಳು. ಕ್ಲಾರ್ಕ್, ಮಾರ್ಟಿನ್, ಗ್ಯಾಬಿ ಮಾರ್ಷಲ್, ಮೆಕೆನ್ನಾ ವಾರ್ನಾಕ್, ಚಿನಾನೊ. ಹೆಚ್ಚೂಕಮ್ಮಿ ಇದೇ ಐವರು ಮೂರು ವರ್ಷ ಒಟ್ಟಿಗೆ ಶುರು ಮಾಡಿದ್ರು. ಕ್ರೈಟನ್ ಕೈಲಿ ಸೋತ ಮೇಲೂ ಈ ಐವರಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ. ಮುಂದಿನ ವರ್ಷ ಲೂಯಿವಿಲ್ ಮೇಲೆ ಕ್ಲಾರ್ಕ್‌ಳ 41 ಅಂಕದ ಟ್ರಿಪಲ್ ಡಬಲ್ (ಅಂಕ, ರೀಬೌಂಡ್, ಅಸಿಸ್ಟ್ ಮೂರೂ ಎರಡಂಕಿ), ಆಮೇಲೆ ಒಂದೂ ಸೋಲದ ಸೌತ್ ಕ್ಯಾರೊಲಿನಾನ 77-73ಕ್ಕೆ ಕೆಡವಿದ್ದು, ಎಲ್ಲ ಈ ಹಳೇ ಐವರೇ. ಮೊದಲ ವರ್ಷ ಕೈಗೆ ಬಡಿದು ಹೊರಗೆ ಹೋಗ್ತಿದ್ದ ಪಾಸುಗಳು ಮೂರನೇ ವರ್ಷ ಹಿಡಿಯೋ ಹಾಗಾಗಿದ್ವು.

ಗೋಲ್ಗುಂಬಜ್_ಎಕೋ

ಒಂದೇ ಪಂದ್ಯ ಪೂರ್ತಿ ನೋಡಬೇಕು ಅಂದ್ರೆ ಯಾವ್ದು ನೋಡ್ಲಿ? ಹೈಲೈಟ್ಸ್ ಬೇಡ.

ದಶಮಾಂಶ

ಮೊದಲ ವರ್ಷದ್ದು ಅಂದ್ರೆ ಡಿಸೆಂಬರ್ 2020, ಅಯೋವಾ ಸ್ಟೇಟ್ ವಿರುದ್ಧ. ರಾಜ್ಯದೊಳಗಿನ ಜಗಳ, ಅವಳಣ್ಣ ಓದ್ತಿದ್ದ ಕಾಲೇಜೂ ಅದೇ. 82-80. ಕೊನೇಲಿ ಅವಳು ಹಾಕಿದ ತ್ರೀ ನೋಡಿ. ಖಾಲಿ ಸ್ಟೇಡಿಯಂ ಶಬ್ದವೂ ಸಿಗುತ್ತೆ.

ಅಯೋವಾ_ಗಾಳಿ

ನಾನು ಕ್ರೈಟನ್ ಅಂತೀನಿ. ಕ್ರೈಟನ್‌ನವರು ಅವಳಿಗೆ ಎಸೆಯೋ ಜಾಗ ಹೇಗೆ ಮುಚ್ಚಿದ್ರು, ಅವಳು ಹೇಗೆ ಪಾಸ್ ಕಡೆ ತಿರುಗಿದ್ಲು ಅನ್ನೋದು ಅದರಲ್ಲಿದೆ. 15 ಅಂಕದ ದಿನವೂ 11 ಅಸಿಸ್ಟ್.

ಧಾರವಾಡದಾಂವ

ನಾ ಡಿಫೆನ್ಸ್ ಮಾತ ಬಿಡೂದಿಲ್ಲ ನೋಡ್ರಿ. ಎಷ್ಟ ಪಾಸ್ ಹಾಕಿದ್ರೂ ಆ ಕಡೆ ಮಂದಿನ ಹಿಡಿಯೂದು ಯಾರು? ಅಕೀ ಅಂತೂ ಅಲ್ಲ.

ದಶಮಾಂಶ

ಗ್ಯಾಬಿ ಮಾರ್ಷಲ್! ಅವಳಿಗೆ ಆ ಕೆಲಸ ಅಂತಾನೇ ಇತ್ತು. 2021ರಲ್ಲಿ ನಮ್ಮನ್ನ ಚಿಂದಿ ಮಾಡಿದ ಬೆಕರ್ಸ್‌ನ 2024ರ ಸೆಮಿಫೈನಲ್‌ನಲ್ಲಿ ಹಿಡಿದವಳು ಅವಳೇ. 71-69, ಅಯೋವಾ.

ಧಾರವಾಡದಾಂವ

ಅದೂ ಕಡೀಕ ಸ್ಕ್ರೀನ್ ಸರಿಲ್ಲಂತ ರೆಫ್ರಿ ಸೀಟಿ ಊದಿದ್ದಕ್ಕ ಉಳದ್ರಿ. ಆ ಸೀಟಿ ಇಲ್ದಿದ್ರ?

ಹಳೇ_ವಿಷಲ್

ಆ ಸೀಟಿ ಬಗ್ಗೆ ಮಾತಾಡೋದಾದ್ರೆ ಬೇರೆ ಎಳೆ ತೆಗೀರಿ, ಬರ್ತೀನಿ. ಆಲಿಯಾ ಎಡ್ವರ್ಡ್ಸ್ ನಿಂತಲ್ಲಿ ನಿಲ್ಲಲಿಲ್ಲ, ಮೊಣಕೈನೂ ಆಚೆ ಬಂದಿತ್ತು. ನಾನಿದ್ರೂ ಊದ್ತಿದ್ದೆ.

ಧಾರವಾಡದಾಂವ

ಕಡೀ ನಾಕ ಸೆಕೆಂಡಿನ್ಯಾಗ? ತಡೀರಿ, ಹೊಸಾ ಎಳೆ ತಗೀತೀನಿ ಈಗ.